ಮೂರು ಸಿಲಿಂಡರಿನ ಮೇಲೆ

ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ರೋಗ ನನ್ನ ಕಿವಿಗೆ ಬಿದ್ದಿತ್ತು. ಸಂಖ ಎಂಬ ಊರಿನ ನಮ್ಮ ಮನೆಯ ಅಂಗಳದಲ್ಲಿ ಕೂತು ಯಾರದೋ ಪಂಪಿನ ವಾಷರ್ ಕತ್ತರಿಸುತ್ತಿದ್ದೆ. ಉಮದಿ ದಾರಿಯಿಂದ ಎಂಜಿನ್ನಿನ ಸದ್ದು ಬಂತು, ಆ ಸದ್ದಿನೊಳಗೆ ಇನ್ನೊಂದು ಸದ್ದು: ಟಕ್, ಟಕ್, ಟಕ್. ವಾಲ್ವ್ ಸಡಿಲಾದರೆ ಸದ್ದು ಮೇಲಿನಿಂದ ಬರುತ್ತದೆ, ತೆಳ್ಳಗಿರುತ್ತದೆ. ಇದು ತಳದಿಂದ ಬರುತ್ತಿದ್ದ ಮೊಂಡು ಏಟು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದಾಗ ಅದನ್ನು ಸಾಕುಸಾಕೆನ್ನುವಷ್ಟು ಕೇಳಿದ್ದೆ. ಕ್ರ್ಯಾಂಕನ್ನು ಹಿಡಿದಿರುವ ರಾಡಿನ ಬಾಯೊಳಗೆ ಒಂದು ಮೆತ್ತನೆ ಬಿಳಿ ಲೋಹದ ಪದರು ಇರುತ್ತದೆ. ಅದು ಕರಗಿ ಹೋದಾಗ ಎಂಜಿನ್ ಹಾಗೆ ಕೂಗುತ್ತದೆ.

ದವಾಖಾನೆಯ ನರ್ಸಬಾಯಿ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಇಳಿದರು. ಸೀರೆಯ ಅಂಚಿಗೆಲ್ಲ ಕೆಸರು, ಕಣ್ಣು ಕೆಂಪು.

"ಮಿಸ್ತ್ರಿ, ಒಳಗ ಏನೋ ಬಡಕೊಳ್ಳಾಕ ಹತ್ತೈತಿ ನೋಡಪಾ."

"ಯಾವಾಗಿಂದ ಬಡಕೋತೈತ್ರಿ?"

"ಹಳ್ಳದಾಗ ತಳಾ ಕಲ್ಲಿಗೆ ತಾಗಿತು. ಆಮ್ಯಾಲಿಂದ."

"ಅಲ್ಲೇ ನಿಂದರಿಸಬೇಕಾಗಿತ್ರಿ."

"ಹೆಂಗ ನಿಂದರಿಸ್ಲಿ? ಅಲ್ಲೊಬ್ಬಾಕಿ ಅಡ್ಡ ಬಿದ್ದ ಕೂಸಿನ ಕೂಡ ನಿನ್ನೆಯಿಂದ ಒದ್ದಾಡಾಕ ಹತ್ತಿದ್ಲು. ಈಗ ತಾಯಿ, ಕೂಸು ಎರಡೂ ಚಲೋ ಅದಾವು."

ಗಾಡಿಯ ಕೆಳಗೆ ಬಗ್ಗಿ ನೋಡಿದೆ. ತಳದ ತಗಡು ಬಿರಿದು ಎಣ್ಣೆಯೆಲ್ಲ ಹಳ್ಳದ ಪಾಲಾಗಿತ್ತು. ಒಣ ಎಂಜಿನ್ನಿನ ಮೇಲೆ ಹೋಗಿ, ಬಾಣಂತಿಯನ್ನು ನೋಡಿ, ಮತ್ತೆ ಅದೇ ಒಣ ಎಂಜಿನ್ನಿನ ಮೇಲೆ ನಮ್ಮ ಮನೆತನಕ ಬಂದಿದ್ದರು.

ಆ ಗಾಡಿ ನಮ್ಮ ಕಡೆಯದಾಗಿರಲಿಲ್ಲ, ನಮ್ಮ ರಸ್ತೆಯದಂತೂ ಅಲ್ಲವೇ ಅಲ್ಲ. ಉದ್ದ ಮೂತಿ, ತಂತಿ ಕಡ್ಡಿಗಳ ಎತ್ತರದ ಗಾಲಿ, ಮುಂದಕ್ಕೆ ಮಡಚುವ ಗಾಜು, ಬಟ್ಟೆಯ ಮಾಡು, ಎರಡೇ ಸೀಟು. ವಿಲಾಯತಿಯಲ್ಲಿ ಸಿರಿವಂತರ ಹುಡುಗರು ಶರ್ಯತ್ತಿಗೆ ಓಡಿಸುವಂಥದು. ಇಲ್ಲಿ ದವಾಖಾನೆ ನಡೆಸುತ್ತಿದ್ದ ಬಿಳಿಯ ಡಾಕ್ಟರು ತಮ್ಮ ದೇಶಕ್ಕೆ ಹೊರಟಾಗ ಅದನ್ನು ನರ್ಸಬಾಯಿಗೆ ಬಿಟ್ಟು ಹೋಗಿದ್ದರು. ಜತ್ತ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು, ಚಾವಡಿಯ ಮೇಲಿನ ಫಲಕ ಬದಲಾಯಿತು, ಡಾಕ್ಟರ ಜಾಗಕ್ಕೆ ಮಾತ್ರ ಯಾರೂ ಬರಲಿಲ್ಲ. ಉಳಿದದ್ದು ನರ್ಸಬಾಯಿ ಮತ್ತು ಈ ಗಾಡಿ. ಕೂಡ್ರಲಿಕ್ಕೆ ಇಬ್ಬರು, ದೂಡಲಿಕ್ಕೆ ಹತ್ತು ಮಂದಿ ಎಂದು ಸಂತೆಯಲ್ಲಿ ನಗುತ್ತಿದ್ದರು. ನಗುವವರ ಮನೆಯಲ್ಲಿ ಹೆರಿಗೆ ನೋವು ಬಂದಾಗ ಅದೇ ಗಾಡಿ ಯಾಕೆ ಇನ್ನೂ ಬರಲಿಲ್ಲ ಎಂದು ದಾರಿ ಕಾಯುತ್ತಿದ್ದರು.

ಆ ಸಲ ದಾರಿ ಕಾಯುವ ಸರದಿ ನಮ್ಮದಾಗಿತ್ತು. ನನ್ನ ತಂಗಿ ಎಂಟು ತಿಂಗಳ ಬಸುರಿಯಾಗಿ ತವರಿಗೆ ಬಂದು ಕೂತಿದ್ದಳು. ಮೊದಲ ಹೆರಿಗೆಯಲ್ಲಿ ಕೂಸು ಸತ್ತು ಹುಟ್ಟಿ, ಅವಳ ರಕ್ತ ನಿಲ್ಲದೆ, ಬದುಕಿದ್ದೇ ಹೆಚ್ಚು. ಈ ಸಲ ಮನೆಯಲ್ಲಿ ಹೆರಿಗೆ ಬೇಡ, ವಿಜಾಪುರದ ದೊಡ್ಡ ಆಸ್ಪತ್ರೆಯೇ ಆಗಬೇಕು, ಅಲ್ಲಿ ರಕ್ತ ಕೊಡುತ್ತಾರೆ ಎಂದು ನರ್ಸಬಾಯಿ ಮೊದಲೇ ಹೇಳಿಬಿಟ್ಟಿದ್ದರು. ತಾವೇ ಕರೆದುಕೊಂಡು ಹೋಗುವುದೆಂದೂ ಮಾತಾಗಿತ್ತು. ಇದೇ ಗಾಡಿಯಲ್ಲಿ.

"ಎತ್ತಿನ ಗಾಡ್ಯಾಗ ಹೋಗಿಬಿಡೂಣೇನವ್ವಾ?" ಅಂದು ನಾನೇ ತಂಗಿಗೆ ಕೇಳಿದೆ.

ಅವಳ ಮುಖ ಬಿಳಿಚಿಕೊಂಡಿತು. ಹೋದ ಸಲ ಅವಳಿಗೆ ರಕ್ತ ಹರಿಯತೊಡಗಿದ್ದು ಎತ್ತಿನ ಗಾಡಿಯಲ್ಲೇ, ಗಂಡನ ಊರಿನ ಕಲ್ಲು ಹಾದಿಯ ಮೇಲೆ. "ಎತ್ತಿನ ಗಾಡಿ ಬ್ಯಾಡ ಭಾಯಿ. ನೀ ಮೋಟಾರು ರಿಪೇರಿ ಮಾಡು. ನಾ ಕಾಯ್ತೀನಿ," ಅಂದಳು. ಅವಳು ಹಾಗೆ ಅಂದ ಮೇಲೆ ಯಾರೂ ಎತ್ತಿನ ಮಾತು ತೆಗೆಯಲಿಲ್ಲ.

ಗಾಡಿಯನ್ನು ಹಿಂದೆ ಮುಂದೆ ಕಲ್ಲು ಕೊಟ್ಟು ಎತ್ತರಿಸಿ ತಳ ಬಿಚ್ಚಿದೆ. ಉಳಿದಿದ್ದ ಒಂದು ಬೊಗಸೆ ಎಣ್ಣೆಯಲ್ಲಿ ಬೆಳ್ಳಿಯ ಹೊಟ್ಟಿನಂಥ ಪುಡಿ ಮಿನುಗುತ್ತಿತ್ತು. ನಾಲ್ಕು ರಾಡುಗಳಲ್ಲಿ ಮೂರು ಗಟ್ಟಿಯಾಗಿದ್ದವು. ಎರಡನೆಯದನ್ನು ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಮೇಲೆ ಕೆಳಗೆ ಆಡಿತು. ವಿಲಾಯತಿಯಿಂದ ಹೊಸ ರಾಡು ತರಿಸುವ ಮಾತು ಕನಸಿನಲ್ಲಿ ಕೂಡ ಬರುವಂಥದಲ್ಲ. ಪುಣೆಗೆ ಕಳಿಸಿದರೆ ತಿಂಗಳುಗಟ್ಟಲೆ. ಇದ್ದ ರಾಡಿಗೇ ಮನೆಯಲ್ಲಿ ಲೋಹ ಹೊಯ್ಯಬೇಕು, ಬೇರೆ ದಾರಿ ಇರಲಿಲ್ಲ.

ನಮ್ಮದು ಕಲಾಯಿಯವರ ಮನೆ. ನನ್ನ ಅಬ್ಬಾ ಐವತ್ತು ವರ್ಷ ಊರೂರು ತಿರುಗಿ ತಾಮ್ರದ ಪಾತ್ರೆಗೆ ಕಲಾಯಿ ಹಾಕಿದವರು. ತಿದಿ, ಇದ್ದಲಿ, ತವರ, ನವಸಾಗರ ಎಲ್ಲವೂ ಮನೆಯಲ್ಲೇ ಇತ್ತು. ಬಿಳಿ ಲೋಹಕ್ಕಾಗಿ ಹಿಟ್ಟಿನ ಗಿರಣಿಯವನ ಬಳಿ ಹೋದೆ. ಅವನ ಆಯಿಲ್ ಎಂಜಿನ್ನಿನ ಹಳೇ ಬೇರಿಂಗಿನ ಚೂರುಗಳು ಒಂದು ಡಬ್ಬಿಯಲ್ಲಿದ್ದವು. ಅವನ ಸೊಸೆಯ ಹೆರಿಗೆಯನ್ನೂ ನರ್ಸಬಾಯಿಯೇ ಮಾಡಿದ್ದರು, ಹಾಗಾಗಿ ಡಬ್ಬಿಯನ್ನೇ ಎತ್ತಿ ಕೊಟ್ಟ.

ಕೆಲಸ ಹೀಗೆ. ರಾಡಿನ ಬಾಯಿಯನ್ನು ಕಾಯಿಸಿ ಹಳೆಯ ಲೋಹವನ್ನೆಲ್ಲ ಇಳಿಸಬೇಕು. ಉಜ್ಜಿ, ನವಸಾಗರ ಹಾಕಿ, ಒಳಗೆ ತವರದ ತೆಳು ಪದರು ಹಿಡಿಸಬೇಕು. ಆಮೇಲೆ ನಡುವೆ ಒಂದು ಕಬ್ಬಿಣದ ಗುಂಡು ನಿಲ್ಲಿಸಿ, ಸಂದಿಗಳಿಗೆ ಮಣ್ಣು ಮೆತ್ತಿ, ಕರಗಿದ ಬಿಳಿ ಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಗುಂಡಿಗೆ ಲೋಹ ಅಂಟಬಾರದೆಂದು ಮೊದಲೇ ಅದಕ್ಕೆ ದೀಪದ ಹೊಗೆ ಹಿಡಿಸಿರಬೇಕು. ತವರ ಹಿಡಿಸುವ ಕೆಲಸ ಅಬ್ಬಾ ಮಾಡಿದರು. ನೋಡುವ ಹಾಗಿತ್ತು ಅದು. ಅರಳೆಯ ಒಂದು ಸವರಿಗೆ ರಾಡಿನ ಬಾಯಿ ಕನ್ನಡಿಯಾಯಿತು. ಮಿಲಿಟರಿಯಲ್ಲೂ ನಾನು ಅಂಥ ಕೈ ನೋಡಿರಲಿಲ್ಲ.

ನಾನು ಲೋಹ ಹೊಯ್ದೆ. ತುಂಬಿತು, ಮೇಲೆ ಕೆನೆ ಕಟ್ಟಿತು. ಕೈಯಲ್ಲಿದ್ದ ಹೊಯ್ಯುವ ಸೌಟು ಕೆಳಗಿಡಲು ನಾನು ಆ ಕಡೆ ತಿರುಗಿದ್ದಷ್ಟೆ. ಚುಂಯ್ ಎಂಬ ಸದ್ದು ಕೇಳಿತು. ಅಬ್ಬಾ ಇಕ್ಕಳದಿಂದ ರಾಡನ್ನು ಹಿಡಿದು ನೀರಿನ ಬಾನಿಯಲ್ಲಿ ಅದ್ದಿದ್ದರು. ಕಲಾಯಿ ಹಾಕಿದ ಪಾತ್ರೆಯನ್ನು ಹಾಗೇ ಅದ್ದುತ್ತಾರೆ, ಆಗಲೇ ಹೊಳಪು ಬರುವುದು. ಐವತ್ತು ವರ್ಷ ಆ ಕೈ ಬೇರೆ ಏನನ್ನೂ ಮಾಡಿರಲಿಲ್ಲ.

"ಅಬ್ಬಾ!" ಎಂದು ಕೂಗಿಬಿಟ್ಟೆ.

ಅಬ್ಬಾ ಇಕ್ಕಳ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. "ಅದ್ದಬಾರದಿತ್ತೇನೋ?" ಅಂದರು.

ಅದು ತಾನೇ ಮೆಲ್ಲಗೆ ಆರಬೇಕು. ಬಿಸಿಯಲ್ಲಿ ನೀರು ಕಂಡರೆ ಲೋಹ ಒಮ್ಮೆಲೇ ಕುಗ್ಗಿ ಉಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಒಡಕು ಗಡಿಗೆಯ ಸದ್ದು ಬಂತು. ಇಡೀ ದಿನದ ಕೆಲಸ ಹೋಯಿತು. ಅಬ್ಬಾ ಆ ಸಂಜೆ ಊಟಕ್ಕೆ ಬರಲಿಲ್ಲ, ಮಸೀದಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ತಂಗಿಯೇ ಹೋಗಿ ಕರೆದುಕೊಂಡು ಬಂದಳು.

ಎರಡನೆಯ ಸಲ ಹೊಯ್ದಾಗ ಅಬ್ಬಾ ತಾವಾಗಿಯೇ ಬಾನಿಯನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಲೋಹ ಚಲೋ ಹಿಡಿಯಿತು. ತಟ್ಟಿದರೆ ಗಟ್ಟಿಯಾಗಿ ಮಾತಾಡಿತು. ಇನ್ನು ಕೆರೆದು ಕೂಡಿಸುವ ಕೆಲಸ. ಕ್ರ್ಯಾಂಕಿನ ಮೇಲೆ ತೆಳ್ಳಗೆ ಬಣ್ಣ ಸವರಿ, ರಾಡು ಕೂಡಿಸಿ, ತಿರುಗಿಸಿ, ಮತ್ತೆ ಬಿಚ್ಚಿ ನೋಡಬೇಕು. ಬಣ್ಣ ಹತ್ತಿದ ಕಡೆ ಲೋಹ ಉಬ್ಬಿದೆ ಎಂದು ಅರ್ಥ, ಅಷ್ಟನ್ನೇ ಮೂರು ಮೂಲೆಯ ಚಾಣದಿಂದ ಕೆರೆಯಬೇಕು. ಎಲ್ಲ ಕಡೆ ಸಮನಾಗಿ ಬಣ್ಣ ಹತ್ತುವವರೆಗೆ ಅದೇ ಅದೇ. ಆ ಬಣ್ಣ ನನ್ನಲ್ಲಿರಲಿಲ್ಲ. ತಂಗಿ, ಹುಟ್ಟುವ ಕೂಸಿಗೆಂದು ಹರಳೆಣ್ಣೆಯ ದೀಪದ ಮೇಲೆ ಹಿಡಿದ ಕಾಡಿಗೆಯ ಡಬ್ಬಿಯನ್ನು ತಂದು ಮುಂದಿಟ್ಟಳು.

"ಇದು ಕೂಸಿಂದಲ್ಲೇನ?"

"ಕೂಸಿಗೆ ಎಷ್ಟು ಬೇಕು? ಇದಕ್ಕೂ ಒಂದು ದೃಷ್ಟಿಬೊಟ್ಟು ಇರ್ಲಿ. ಊರ ಮಂದಿ ಕಣ್ಣೆಲ್ಲಾ ಇದರ ಮ್ಯಾಲ ಐತಿ," ಅಂದು ನಕ್ಕಳು. ಮಗ್ಗುಲಲ್ಲಿ ಕಟ್ಟಿಗೆಯ ಮಣೆ ಹಾಕಿಕೊಂಡು ಕೂತು, ಕೆರೆದ ಚೂರುಗಳನ್ನು ಊದಿ ಊದಿ ತೆಗೆಯುತ್ತಿದ್ದಳು. ಒಮ್ಮೊಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು, "ಒಳಗ ಇದೂ ಬಡಕೊಳ್ಳಾಕ ಹತ್ತೈತಿ ನೋಡು, ಮಿಸ್ತ್ರಿ," ಎಂದು ನರ್ಸಬಾಯಿಯ ದನಿಯಲ್ಲೇ ಅಣಕಿಸುತ್ತಿದ್ದಳು. ನನ್ನ ತಂಗಿಯನ್ನು ನೆನೆದಾಗ ನನಗೆ ಮೊದಲು ಬರುವುದು ಆ ಮಧ್ಯಾಹ್ನಗಳೇ.

ಬಿರಿದ ತಳಕ್ಕೆ ತಾಮ್ರದ ತೇಪೆ ಬೆಸೆದು, ಎಲ್ಲ ಕೂಡಿಸಿ, ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿದೆ. ಟಕ್ ಎಂಬ ಸದ್ದಿಲ್ಲ. ಅಬ್ಬಾ ಬೇವಿನ ಮರಕ್ಕೆ ಕೈ ಮುಗಿದರು, ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಊರ ಹೊರಗಿನ ಬಾವಿಯತನಕ ಹೋಗಿ ಬರೋಣವೆಂದು ಹೊರಟೆ. ಹೋಗುವಾಗ ಗಾಡಿ ಬೆಣ್ಣೆಯಂತೆ ಹೋಯಿತು. ಬರುವಾಗ, ಚಾವಡಿಯ ಹತ್ತಿರ, ಮತ್ತೆ ಬಂತು. ಟಕ್. ಒಂದೇ. ಆಮೇಲೆ ಎರಡು. ಮನೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತಾಯಿತು. ತಂಗಿ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋದಳು.

ಮರುದಿನ ಬಿಚ್ಚಿ ನೋಡಿದರೆ ಹೊಸ ಲೋಹ ಹಪ್ಪಳದಂತೆ ಚಪ್ಪಟೆಯಾಗಿತ್ತು. ಈ ಸಲ ತಪ್ಪು ಹೊಯ್ದದ್ದರಲ್ಲೂ ಇರಲಿಲ್ಲ, ಆರಿಸಿದ್ದರಲ್ಲೂ ಇರಲಿಲ್ಲ. ಕ್ಯಾಲಿಪರ್ ಹಿಡಿದು, ರಾಡಿನ ಬಾಯೊಳಗೆ ತಿರುಗುವ ಕ್ರ್ಯಾಂಕಿನ ಗುಂಡನ್ನೇ ಅಳೆದೆ. ಒಂದು ಕಡೆಯಿಂದ ಹಿಡಿದರೆ ಸರಿಯಾಗಿ ಕೂಡುತ್ತಿದ್ದ ಕ್ಯಾಲಿಪರ್, ಕಾಲು ಸುತ್ತು ತಿರುಗಿಸಿ ಹಿಡಿದರೆ ಗಡಗಡ ಆಡುತ್ತಿತ್ತು. ಎಣ್ಣೆಯಿಲ್ಲದೆ ಓಡಿದಾಗ ಉಕ್ಕೇ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ದುಂಡಗಿಲ್ಲದ ಗುಂಡಿಗೆ ಯಾವ ಲೋಹ ಹೊಯ್ದರೂ ಅದು ಹಾಳಾಗಲೇಬೇಕು. ಅದನ್ನು ದುಂಡಗೆ ಮಾಡುವ ಯಂತ್ರ ಇತ್ತ ಜತ್ತದಲ್ಲಿಲ್ಲ, ಅತ್ತ ವಿಜಾಪುರದಲ್ಲೂ ಇರಲಿಲ್ಲ. ನಾನು ಕ್ಯಾಲಿಪರ್ ಹಿಡಿದುಕೊಂಡು ಗಾಡಿಯ ಕೆಳಗೇ ಮಲಗಿದ್ದೆ. ಹೊರಗೆ ಬಂದು ಯಾರಿಗೆ ಮುಖ ತೋರಿಸುವುದು ಎಂದು ಅಳು ಬಂತು, ಅತ್ತುಬಿಟ್ಟೆ.

ನರ್ಸಬಾಯಿ ಬಂದು ಬಗ್ಗಿ ನೋಡಿದರು. "ಏನಂತೈತಿ?"

"ಇದು ಆಗೂದಿಲ್ರಿ ಬಾಯಿ."

"ಪೂರಾ ಆಗೂದಿಲ್ಲೋ, ಅದೊಂದು ರಾಡಿನ ಕೆಲಸ ಆಗೂದಿಲ್ಲೋ?"

ಅವರು ಕೇಳಿದ್ದು ನರ್ಸಿನ ಪ್ರಶ್ನೆ. ಕೈ ಕೊಳೆತರೆ ಕೈ ತೆಗೆಯುತ್ತಾರಲ್ಲ, ಹಾಗೆ. ಯುದ್ಧದ ಕಾಲದಲ್ಲಿ ಮರುಭೂಮಿಯಲ್ಲಿ ಒಂದು ಲಾರಿಯನ್ನು ಒಂದು ಸಿಲಿಂಡರ್ ಕಿತ್ತುಹಾಕಿ ಓಡಿಸಿಕೊಂಡು ಬಂದದ್ದನ್ನು ನಾನು ನೋಡಿದ್ದೆ. ಎರಡನೆಯ ಸಿಲಿಂಡರಿನ ಪಿಸ್ಟನ್, ರಾಡು ಎರಡನ್ನೂ ತೆಗೆದುಬಿಡುವುದು. ಅದರ ವಾಲ್ವುಗಳನ್ನು ಎತ್ತುವ ಕಡ್ಡಿಗಳನ್ನೂ ತೆಗೆದರೆ ವಾಲ್ವುಗಳು ಮುಚ್ಚಿಕೊಂಡೇ ಇರುತ್ತವೆ, ಆ ಕೋಣೆಗೆ ಬಾಗಿಲು ಹಾಕಿದಂತೆ. ಉಳಿದ ಮೂರರ ಮೇಲೆ ಎಂಜಿನ್ ಓಡಬೇಕು. ಕುಂಟುತ್ತದೆ, ನಡುಗುತ್ತದೆ, ಬಲ ಇರುವುದಿಲ್ಲ. ಮತ್ತೆ ಎಂದೂ ಅದು ಮೊದಲಿನ ಗಾಡಿಯಾಗುವುದಿಲ್ಲ. ಆದರೆ ವಿಜಾಪುರ ಮುಟ್ಟಬಹುದು ಎಂದು ಅವರಿಗೆ ಹೇಳಿದೆ.

"ಮುಟ್ಟಬಹುದೋ, ಮುಟ್ಟತೈತೋ?"

"ಮುಟ್ಟಬಹುದ್ರಿ."

"ಮಾಡು."

ಒಂದೇ ತೊಡಕಿತ್ತು. ರಾಡು ತೆಗೆದ ಜಾಗದಲ್ಲಿ ಕ್ರ್ಯಾಂಕಿನಲ್ಲಿ ಎಣ್ಣೆ ಬರುವ ತೂತು ಬಾಯಿ ತೆರೆದುಕೊಳ್ಳುತ್ತದೆ. ಎಣ್ಣೆಯೆಲ್ಲ ಅಲ್ಲೇ ಸುರಿದರೆ ಉಳಿದ ಮೂರೂ ಒಣಗಿ ಸಾಯುತ್ತವೆ. ಚಪ್ಪಲಿಯ ಗಟ್ಟಿ ತೊಗಲಿನ ಪಟ್ಟಿಯನ್ನು ಎಣ್ಣೆಯಲ್ಲಿ ನೆನೆಸಿ ತೂತಿನ ಮೇಲೆ ಸುತ್ತಿದೆ. ಅದರ ಮೇಲೆ ಬಿಗಿಯಲು ಅಬ್ಬಾ ತಾಮ್ರದ ಪಟ್ಟಿ ಬಡಿದು ಕೊಟ್ಟರು. ಮೊದಲ ಪಟ್ಟಿ ಸಡಿಲಾಯಿತು, ಎರಡನೆಯದು ರಿವಿಟ್ ಹಾಕುವಾಗ ಸೀಳಿತು. ಮೂರನೆಯದನ್ನು ಅವರು ಕಾಯಿಸಿ, ಬಡಿದು, ನೀರಿಗೆ ಅದ್ದಿದರು. ತಾಮ್ರಕ್ಕೆ ನೀರು ನಡೆಯುತ್ತದೆ. ಆ ಪಟ್ಟಿ ಕ್ರ್ಯಾಂಕಿನ ಮೇಲೆ ಬಳೆಯಂತೆ ಕೂತಿತು. ಎಂಜಿನ್ನಿನ ಮುಚ್ಚಳದಡಿಯ ತಾಮ್ರದ ಗ್ಯಾಸ್ಕೆಟ್ ಬೇರೆ ಇರಲಿಲ್ಲ, ಇದ್ದದ್ದನ್ನೇ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಹಾಕಿದೆವು.

ಹ್ಯಾಂಡಲ್ ತಿರುಗಿಸಿದೆ. ಮೂರು ಏಟು, ಒಂದು ಖಾಲಿ. ಮೂರು ಏಟು, ಒಂದು ಖಾಲಿ. ಕುಂಟ ಕುದುರೆಯ ಓಟ. ದೀಪಗಳು, ಬಾಗಿಲು, ಮಡಚುವ ಗಾಜು ಎಲ್ಲ ನಡುಗಿದವು. ಶರ್ಯತ್ತಿನ ಗಾಡಿಯ ಈ ಅವಸ್ಥೆ ನೋಡಿದರೆ ಅದನ್ನು ಮಾಡಿದವನು ಅಳುತ್ತಿದ್ದ. ಎರಡು ಸಲ ಬಾವಿಯತನಕ, ಒಂದು ಸಲ ಗುಡ್ಡಾಪುರದ ದಾರಿಯಲ್ಲಿ ಏರು ಹತ್ತಿಸಿ ನೋಡಿದೆ. ಟಕ್ ಎನ್ನಲಿಲ್ಲ. ತೇಪೆಯ ಕಡೆಯಿಂದ ಎಣ್ಣೆ ಹನಿಯುತ್ತಿತ್ತು, ಅದು ನನ್ನ ಕೈಯಿಂದ ನಿಲ್ಲಲಿಲ್ಲ.

"ನಾಳೆನೇ ಹೋಗಿಬಿಡೂಣು," ಅಂದರು ನರ್ಸಬಾಯಿ.

ಅಮ್ಮ ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದಳು. "ಬಾಯಾರ, ತೇರಾ ತೇಜಿ ನಡದೈತ್ರಿ."

ಸಫರ್ ತಿಂಗಳ ಮೊದಲ ಹದಿಮೂರು ದಿನಗಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಆ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಊರು ದಾಟಿಸುವುದಿಲ್ಲ, ಬಸುರಿಯರನ್ನಂತೂ ಇಲ್ಲವೇ ಇಲ್ಲ. ಕೊನೆಯ ದಿನ ಕಡಲೆಯ ಗುಗ್ಗರಿ ಬೇಯಿಸಿ ಹಂಚಿದ ಮೇಲೆ ಎಲ್ಲವೂ ತೆರೆಯುತ್ತದೆ. ಇನ್ನು ಎರಡು ದಿನ ಉಳಿದಿತ್ತು. ಮೊದಲನೆಯ ಕೂಸು ಆ ದಿನಗಳಲ್ಲೇ ಹೊರಟ ಪ್ರಯಾಣದಲ್ಲಿ ಹೋಯಿತೆಂದು ಅಮ್ಮ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನರ್ಸಬಾಯಿ ತಂಗಿಯ ಹೊಟ್ಟೆ ಮುಟ್ಟಿ ನೋಡಿ, ಇನ್ನೂ ವೇಳೆ ಐತಿ ಅಂದರು. ಅಬ್ಬಾ ನನ್ನ ಕಡೆ ನೋಡಿದರು. ಎರಡು ದಿನ ಎಂಜಿನ್ ಪಳಗಲಿ ಎಂದು ನಾನೂ ತಲೆಯಾಡಿಸಿದೆ. ಗಾಡಿ ಬಾಗಿಲಲ್ಲಿ ನಿಂತಿತ್ತಲ್ಲ. ಅದು ಇರದಿದ್ದರೆ ಎಂದೋ ಡೋಲಿ ಕಟ್ಟಿಕೊಂಡಾದರೂ ಅವಳನ್ನು ಹೊತ್ತೊಯ್ದು ವಿಜಾಪುರದಲ್ಲಿ ಕೂಡಿಸುತ್ತಿದ್ದೆವು. ಗಾಡಿ ಇದೆ ಎಂಬ ಧೈರ್ಯವೇ ನಮ್ಮನ್ನು ಮನೆಯಲ್ಲಿ ಹಿಡಿದಿಟ್ಟಿತು. ಇದನ್ನು ನಾನು ಎಷ್ಟೋ ಸಲ ತಿರುವಿ ಹಾಕಿದ್ದೇನೆ, ಯಾರ ಮೇಲೆ ಸಿಟ್ಟು ಮಾಡುವುದೆಂದು ಇನ್ನೂ ತಿಳಿದಿಲ್ಲ.

ಗುಗ್ಗರಿಗೆ ಕಡಲೆ ನೆನೆ ಹಾಕಿದ್ದ ಬೆಳಿಗ್ಗೆಯೇ ನೋವು ಕಾಣಿಸಿತು.

ನರ್ಸಬಾಯಿ ಬಂದು ನೋಡಿ, "ಲಗೂನ ಹೊರಡ್ರಿ," ಎಂದಷ್ಟೇ ಅಂದರು. ನಾನು ಎಂಜಿನ್ ಕಾಯಿಸಿ ನಿಂತಿದ್ದೆ. ತಂಗಿಯನ್ನು ಎಡಗಡೆಯ ಸೀಟಿನಲ್ಲಿ ದಿಂಬು, ದುಪ್ಪಡಿ ಕೊಟ್ಟು ಒರಗಿಸಿದರು. ಆಗ ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಉಳಿದದ್ದು ಒಂದೇ ಸೀಟು, ನಾವು ಇಬ್ಬರು. ಮೂರು ಸಿಲಿಂಡರಿನ ಎಂಜಿನ್ನಿನ ಮರ್ಜಿ ಗೊತ್ತಿದ್ದವನು ನಾನು. ಹೆರಿಗೆ ಗೊತ್ತಿದ್ದವರು ಅವರು.

"ನಾ ಫೂಟ್‌ಬೋರ್ಡ್ ಮ್ಯಾಲ ನಿಂದರ್ತೀನ್ರಿ."

"ಏರಿನ್ಯಾಗ ಮೂರು ಮಂದೀನ ಎಳೀತೈತೇನು ಇದು?"

ಎಳೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಣ್ಣೆಯ ಡಬ್ಬಿಯನ್ನು ಅವರ ಸೀಟಿನ ಮಗ್ಗುಲಲ್ಲಿ ಇಟ್ಟೆ.

"ದಾರ್ಯಾಗ ಗಾಡಿ ನಿಂತ್ರ ನೀ ಬೇಕು. ಈಕಿ ನಿಂತ್ರ ನಾ ಬೇಕು," ಅಂದು ನರ್ಸಬಾಯಿ ಬಲಗಡೆ ಕೂತರು. ನಾನು ಮಾತು ಮಾತಾಗಿ ಹೇಳಿದೆ: ಮೂರನೆಯ ಗೇರಿನ ಮೇಲೆ ಹೋಗಬೇಡ್ರಿ, ಇಳಿಜಾರಿನಲ್ಲಿ ಓಟ ಬಿಡಬೇಡ್ರಿ, ಎಣ್ಣೆಯ ಮುಳ್ಳು ಅರ್ಧಕ್ಕೆ ಬಂದರೆ ನಿಲ್ಲಿಸಿ ಈ ಡಬ್ಬಿಯಿಂದ ಹಾಕ್ರಿ, ಟಕ್ ಅಂದರೆ... ಅಲ್ಲಿಗೆ ನಿಲ್ಲಿಸಿದೆ. ಟಕ್ ಅಂದರೆ ಮಾಡುವುದೇನೂ ಇರಲಿಲ್ಲ. ತಂಗಿ ನನ್ನ ಅಂಗಿಯ ತೋಳು ಹಿಡಿದಿದ್ದಳು. "ಭಾಯಿ, ಬರ್ತೀಯಿಲ್ಲೋ?"

"ಹಿಂದಿನಿಂದನ ಬರ್ತೀನಿ, ಸೈಕಲ್ ಮ್ಯಾಲ. ನೀ ನಡಿ."

ಪಾನಾ, ಸುತ್ತಿಗೆಗಳ ಹತ್ಯಾರದ ಚೀಲ, ಇನ್ನೊಂದು ಡಬ್ಬಿ ಎಣ್ಣೆ ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ಗಾಡಿಯ ಸದ್ದು ಬಹಳ ಹೊತ್ತು ಕೇಳಿತು, ಆಮೇಲೆ ಇಲ್ಲ. ಎರಡೂ ಕಡೆ ಹಿಂಗಾರಿ ಜೋಳ ಮೊಣಕಾಲೆತ್ತರ ನಿಂತಿತ್ತು. ಬಿಳಿ ಧೂಳಿನ ಮೇಲೆ ಎಣ್ಣೆಯ ಕರಿ ಹನಿಗಳು. ನನ್ನ ಕೈಯ ಸೋತ ಕೆಲಸ ದಾರಿಯುದ್ದಕ್ಕೂ ಬಿದ್ದಿತ್ತು, ಅದನ್ನೇ ನೋಡುತ್ತ ಪೆಡಲು ತುಳಿದೆ. ಹನಿಗಳು ದೂರ ದೂರ ಬಿದ್ದರೆ ಗಾಡಿ ಓಡಿದೆ ಎಂದು ಅರ್ಥ, ಹತ್ತಿರ ಹತ್ತಿರ ಬಿದ್ದರೆ ನಿಧಾನಿಸಿದೆ. ಹಳ್ಳದ ದಂಡೆಯಲ್ಲಿ ಒತ್ತಾಗಿದ್ದವು, ಆಚೆ ದಂಡೆಯ ಮೇಲೆ ಮತ್ತೆ ದೂರವಾದವು. ಉಮದಿಯ ಚಹಾದ ಅಂಗಡಿಯ ಮುಂದೆ ಕೂತವರು ನಾನು ಕೇಳುವ ಮೊದಲೇ ಕೂಗಿದರು.

"ಹೋತ್ರಿ, ಹೋತು! ಧಡಧಡ ಅನಕೋತ ಹೋತು!"

ಉಮದಿ ದಾಟಿದ ಮೇಲೆ ದಾರಿ ಏರಿಗೆ ಬೀಳುತ್ತದೆ. ಅಲ್ಲೇ ನಿಲ್ಲುತ್ತದೆ ಎಂದು ನನ್ನ ಎದೆ ಹೇಳುತ್ತಿತ್ತು. ಏರಿನ ನೆತ್ತಿಯಲ್ಲಿ ತಟ್ಟೆಯಗಲದ ಎಣ್ಣೆಯ ಕಲೆ ಕಂಡು ಸೈಕಲ್ಲಿನಿಂದ ಇಳಿದೇಬಿಟ್ಟೆ. ಗಾಡಿ ಇರಲಿಲ್ಲ. ಮಗ್ಗುಲಲ್ಲಿ ನನ್ನ ಖಾಲಿ ಡಬ್ಬಿ ಬಿದ್ದಿತ್ತು. ನಿಲ್ಲಿಸಿ, ಎಣ್ಣೆ ಹಾಕಿಕೊಂಡು, ಮುಂದೆ ಹೋಗಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಾರೆ. ಅಲ್ಲಿಂದ ಮುಂದೆ ಹನಿಗಳು ದೂರ ದೂರ, ಇನ್ನೂ ದೂರ. ನರ್ಸಬಾಯಿ ನನ್ನ ಮಾತು ಮೀರಿ ಓಡಿಸಿದ್ದರು. ಅದು ಯಾಕೆ ಎಂದು ಯೋಚಿಸಲು ನನಗೆ ಧೈರ್ಯ ಬರಲಿಲ್ಲ.

ಗಾಡಿ ಒಂದು ಜಾಲಿಯ ಗಿಡದ ಕೆಳಗೆ ಇತ್ತು. ಬಾನೆಟ್ ಮುಚ್ಚಿತ್ತು. 

ನರ್ಸಬಾಯಿ ನೆಲದ ಮೇಲೆ ಕೂತಿದ್ದರು, ತೊಡೆಯ ಮೇಲೆ ಸೆರಗಿನಲ್ಲಿ ಸುತ್ತಿದ ಒಂದು ಗಂಟು. ಆಚೆ ದುಪ್ಪಡಿ ಹೊದಿಸಿ ತಂಗಿಯನ್ನು ಮಲಗಿಸಿದ್ದರು. ಮುಖಕ್ಕೂ ಹೊದಿಸಿದ್ದರು. ಅದನ್ನು ನೋಡಿಯೂ ನಾನು ಕೇಳಿದ್ದು ಬೇರೆಯೇ.

"ಎಂಜಿನ್ ಏನಾತ್ರಿ?"

"ಎಂಜಿನ್ ಚಲೋ ಐತೆಪಾ," ಅಂದರು. ಅವರ ದನಿ ಸತ್ತಿತ್ತು. "ಅದು ನಿಲ್ಲಲಿಲ್ಲ. ನಾನ ನಿಂದರಿಸಿದೆ. ಆಕೀಗೆ ಮುಂದ ಬರೂದು ಆಗಲಿಲ್ಲ. ಕೂಸು ಬಂತು. ರಕ್ತ ನಿಲ್ಲಲಿಲ್ಲ, ಮಿಸ್ತ್ರಿ. ಎರಡೂ ಕೈಯಿಂದ ಒತ್ತಿ ಹಿಡಕೊಂಡೆ. ನಿಲ್ಲಲಿಲ್ಲ."

ಸೆರಗಿನ ಗಂಟು ಸಣ್ಣಗೆ ಅತ್ತಿತು. ಹೆಣ್ಣು ಕೂಸು.

ವಿಜಾಪುರದ ಗುಮ್ಮಟ ಅಲ್ಲಿಂದ ದೂರದಲ್ಲಿ ಕಾಣುತ್ತಿತ್ತು.

ಅತ್ತ ಹೋಗುತ್ತಿದ್ದ ಒಂದು ಎತ್ತಿನ ಸವಾರಿ ಗಾಡಿ ನಿಂತಿತು. ನರ್ಸಬಾಯಿ ಕೂಸನ್ನು ಎತ್ತಿಕೊಂಡು ಅದರಲ್ಲಿ ಆಸ್ಪತ್ರೆಗೆ ಹೊರಟರು, ಕೂಸಿಗಾದರೂ ಹಾಲು ಸಿಗಲಿ ಎಂದು. ಹೊರಡುವ ಮೊದಲು ಸವಾರಿ ಗಾಡಿಯವನು, ನಾನು ಇಬ್ಬರೂ ಸೇರಿ ತಂಗಿಯನ್ನು ಮೋಟಾರಿನ ಸೀಟಿನಲ್ಲಿ ಕೂಡಿಸಿದೆವು. ದುಪ್ಪಡಿಯಿಂದ ಸೀಟಿನ ಬೆನ್ನಿಗೆ ಬಿಗಿದೆವು. ಸೈಕಲ್ಲನ್ನು ಹಿಂದೆ ಕಟ್ಟಿದೆ. ಎಣ್ಣೆ ನೋಡಿದೆ, ಹಾಕಿದೆ, ಹ್ಯಾಂಡಲ್ ತಿರುಗಿಸಿದೆ. ಒಂದೇ ತಿರುವಿಗೆ ಹತ್ತಿತು.

ಎರಡನೆಯ ಗೇರಿಗೆ ಹಾಕಿ ಅಲ್ಲೇ ಬಿಟ್ಟೆ, ಮತ್ತೆ ಬದಲಿಸಲಿಲ್ಲ. ಎಡಗೈ ಅವಳಿಗೆ ಬೇಕಾಗಿತ್ತು. ತಿರುವುಗಳಲ್ಲಿ ಅವಳು ನನ್ನ ಕಡೆ ವಾಲುತ್ತಿದ್ದಳು, ಹೆಗಲು ಹಿಡಿದು ಕೂಡಿಸುತ್ತಿದ್ದೆ. ಉಮದಿಯಲ್ಲಿ ಚಹಾದ ಅಂಗಡಿಯವರು ಸದ್ದು ಕೇಳಿ ನಗುತ್ತ ಎದ್ದು ನಿಂತರು, ಆಮೇಲೆ ಟೋಪಿ ತೆಗೆದರು. ಮನೆಯಲ್ಲಿ ಅಮ್ಮ ಗುಗ್ಗರಿಗೆ ನೀರಿಟ್ಟಿರುತ್ತಾಳೆ. ಅಬ್ಬಾ ಅಂಗಳದಲ್ಲಿ ಕಿವಿಗೊಟ್ಟು ಕೂತಿರುತ್ತಾರೆ, ಸದ್ದು ಕೇಳಿದ ಕೂಡಲೇ ತಾಮ್ರದ ಪಟ್ಟಿ ಹಿಡಿಯಿತು ಎಂದು ಖುಷಿಪಡುತ್ತಾರೆ. ಯಾ ಅಲ್ಲಾ, ಇದು ಇಲ್ಲೇ ಎಲ್ಲಾದರೂ ಕೆಟ್ಟು ನಿಲ್ಲಲಿ, ನಾನು ಇನ್ನಷ್ಟು ಹೊತ್ತು ದಾರಿಯಲ್ಲೇ ಇರುತ್ತೇನೆ ಎಂದು ಬೇಡಿಕೊಂಡೆ. ಏರು ಬಂತು, ಹತ್ತಿತು. ಹಳ್ಳ ಬಂತು, ದಾಟಿತು. ಮನೆಯ ಬಾಗಿಲತನಕ ಆ ಎಂಜಿನ್ ಒಂದು ಏಟೂ ತಪ್ಪಲಿಲ್ಲ.